ಓಟಕ್ಕೆ ಮುಂಚಿನ ಎರಡು ವಾರ



ಚಿಗಟೇರಿ, ಹರಪನಹಳ್ಳಿ, ಕೊಟ್ಟೂರು, ಕೂಡ್ಲಿಗಿಗಳ ಕಡೆಯಿಂದ ಬೆಂಗಳೂರಿನ ಮ್ಯಾರಥಾನಿಗೆ ಹೆಸರು ಕೊಟ್ಟಿರುವ ತರುಣರು ಮೇಲಿಂದ ಮೇಲೆ ಕೇಳುತ್ತಿರುವ ಪ್ರಶ್ನೆ ಒಂದೇ: ಓಟಕ್ಕೆ ಎರಡೇ ವಾರ ಉಳಿದಿರುವಾಗ ಅಭ್ಯಾಸವನ್ನು ತಗ್ಗಿಸಿದರೆ, ತಿಂಗಳುಗಟ್ಟಲೆ ಬೆವರು ಸುರಿಸಿ ಗಳಿಸಿದ ದಮ್ಮು ಇಳಿದುಹೋಗದೆ? ಇಳಿಯದು. ನಿಮ್ಮ ಪ್ರಾಣವಾಯುವನ್ನು ಹೊರುವ ಕೆಂಪು ರಕ್ತಕಣದ ಆಯುಷ್ಯ ಸುಮಾರು 120 ದಿನ. ಅದು ಹದಿನೈದು ದಿನದಲ್ಲಿ ನಿಮ್ಮನ್ನು ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ಹಾಗೆಂದು ಹಾಸಿಗೆ ಹಿಡಿದು ಮಲಗಬೇಕೆಂದೂ ಅಲ್ಲ. ಪೂರ್ತಿ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ರಕ್ತದ ದ್ರವಾಂಶ ತಗ್ಗತೊಡಗುತ್ತದೆ. ಆದುದರಿಂದ ದೂರವನ್ನು ಅರ್ಧಕ್ಕೆ ಇಳಿಸಿರಿ, ವೇಗವನ್ನು ಇಳಿಸಬೇಡಿರಿ. 2008ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಹತ್ತು ಕಿಲೋಮೀಟರ್ ಓಟದಂತಹುದಕ್ಕೆ ಹೋಗುವವರು ಒಂದು ವಾರ ಹೀಗೆ ತಗ್ಗಿಸಿದರೆ ಸಾಕು.

ಇಷ್ಟನ್ನು ಒಪ್ಪಿದವರೂ ಕೊನೆಯ ಮೂರು ದಿನಗಳಲ್ಲಿ ಕೆಡುತ್ತಾರೆ. ಆ ಕೆಡುಕಿನ ಕಾರಣವನ್ನು ಕೊಂಚ ನಿಧಾನವಾಗಿಯೇ ವಿವರಿಸಬೇಕಾಗಿದೆ. ನಮ್ಮ ಹಿರಿಯರು ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿಡುತ್ತಿದ್ದಂತೆ, ದೇಹವು ಉಂಡ ಅನ್ನ ರೊಟ್ಟಿಗಳ ಪಿಷ್ಟವನ್ನು ಗ್ಲೈಕೋಜನ್ ಎಂಬ ರೂಪದಲ್ಲಿ ಕೂಡಿಡುತ್ತದೆ: ಸ್ನಾಯುಗಳಲ್ಲಿ ಸುಮಾರು 400 ಗ್ರಾಂ, ಯಕೃತ್ತಿನಲ್ಲಿ ಸುಮಾರು 100 ಗ್ರಾಂ. ಹಗೇವಿಗೆ ನೀರು ತಾಗಿದರೆ ಜೋಳ ಕೆಟ್ಟಿತು. ಇಲ್ಲಿಯಾದರೋ ನೀರಿಲ್ಲದೆ ದಾಸ್ತಾನೇ ಆಗದು. ಒಂದು ಗ್ರಾಂ ಗ್ಲೈಕೋಜನ್ನಿನೊಡನೆ ಹತ್ತಿರ ಹತ್ತಿರ ಮೂರು ಗ್ರಾಂ ನೀರು ಸೇರಿಕೊಳ್ಳುತ್ತದೆ. ವಿಶ್ರಾಂತಿಯಲ್ಲಿರುವ ಕಾಲು ತುಂಬಿಕೊಳ್ಳುತ್ತಿದ್ದಂತೆ ತೂಕ ಒಂದು ಕಿಲೋದಷ್ಟು ಏರುತ್ತದೆ, ತೊಡೆ ಬಿಗಿಯುತ್ತದೆ, ಮೆಟ್ಟಿಲು ಹತ್ತುವಾಗ ಕಾಲು ಭಾರವೆನಿಸುತ್ತದೆ. ಓಟಗಾರನು ತಕ್ಕಡಿಯ ಮುಳ್ಳನ್ನು ನೋಡಿ, ಕೊಬ್ಬು ಬಂದಿತೆಂದು ಗಾಬರಿಗೊಂಡು, ಅದನ್ನು ಕರಗಿಸಲು ನಸುಕಿನಲ್ಲಿಯೇ ಹರಪನಹಳ್ಳಿ ರಸ್ತೆ ಹಿಡಿದು ಓಡುತ್ತಾನೆ. ಹಾಗೆ ಓಡಿ ತಾನು ಎರಡು ದಿನ ತುಂಬಿಸಿದ್ದನ್ನು ಎರಡು ಗಂಟೆಯಲ್ಲಿ ಖಾಲಿಮಾಡಿ ಬರುತ್ತಾನೆ. ನಮ್ಮೂರಿನ ಹುಡುಗರಲ್ಲಿ ನಾನಿದನ್ನು ಎಷ್ಟು ಸಲ ಕಂಡಿದ್ದೇನೆಂದರೆ, ಈಗ ಅವರ ಮನೆಯವರಿಗೆ ತಕ್ಕಡಿಯನ್ನು ಬಚ್ಚಿಡಿರಮ್ಮಾ ಎಂದೇ ಹೇಳಿಬಿಡುತ್ತೇನೆ.

ಇದು ನನ್ನ ಊಹೆಯೆಂದು ತಿಳಿಯಬೇಡಿರಿ. 1966ರಲ್ಲಿ ಸ್ವೀಡನ್ನಿನ ಬರ್ಗ್‌ಸ್ಟ್ರೋಮ್ ಮತ್ತು ಹಲ್ಟ್‌ಮನ್ ಎಂಬ ಇಬ್ಬರು ವೈದ್ಯರು ಒಂದೇ ನಿಂತ ಸೈಕಲಿನ ಎರಡು ಪಕ್ಕಗಳಲ್ಲಿ ಕುಳಿತು, ತಲಾ ಒಂದೇ ಕಾಲಿನಿಂದ ದಣಿಯುವವರೆಗೂ ತುಳಿದರು. ಮತ್ತೊಂದು ಕಾಲು ಸುಮ್ಮನಿತ್ತು. ಅನಂತರ ಮೂರು ದಿನ ಪಿಷ್ಟಾಹಾರ ಸೇವಿಸಿ, ಸೂಜಿಯಿಂದ ತಮ್ಮ ತೊಡೆಯ ಸ್ನಾಯುವಿನ ಚೂರುಗಳನ್ನೇ ತೆಗೆದು ಪರೀಕ್ಷಿಸಿದಾಗ, ದುಡಿದು ಬಳಿಕ ವಿರಮಿಸಿದ ಕಾಲಿನಲ್ಲಿ ಮತ್ತೊಂದರ ಸುಮಾರು ಇಮ್ಮಡಿ ಗ್ಲೈಕೋಜನ್ ಕೂಡಿತ್ತು. ದುಡಿದ ಕಾಲು, ಆಮೇಲೆ ಊಟ, ಆಮೇಲೆ ವಿಶ್ರಾಂತಿ: ಈ ಮೂರೂ ಕೂಡಿಯೇ ಈ ಸಂಗ್ರಹ. ಮತ್ತೊಮ್ಮೆ ಹೇಳುತ್ತೇನೆ, ಭಾರವಾದ ಕಾಲು ತುಂಬಿದ ಕಾಲು. ಮೂವತ್ತನೆಯ ಕಿಲೋಮೀಟರಿನ ಆಚೆ ನಿಮ್ಮನ್ನು ಒಯ್ಯುವುದು ಆ ಭಾರವೇ.

ಸಮಯ ಮೀರುತ್ತಿದೆ, ಮಿಕ್ಕದ್ದನ್ನು ಬೇಗ ಹೇಳುತ್ತೇನೆ. ಕೊನೆಯ ದಿನ ಜೋಳದ ರೊಟ್ಟಿ, ಕಾಳಿನ ಪಲ್ಯ, ಮಿರ್ಚಿ ಮಂಡಕ್ಕಿಗಳಿಗೆ ವಿರಾಮ ಕೊಟ್ಟು, ಅನ್ನವನ್ನು ತೆಳು ಸಾರಿನೊಡನೆ ಉಣ್ಣಿರಿ. ರೊಟ್ಟಿಯ ಮೇಲೆ ನನಗೇನೂ ದ್ವೇಷವಿಲ್ಲ, ನಾರು ಓಟದ ನಡುವೆ ಹೊಟ್ಟೆಯನ್ನು ಕೆಣಕೀತೆಂದು ಈ ಮಾತು. ಹೊಸ ಬೂಟು ಬೇಡವೇ ಬೇಡ. ದಾವಣಗೆರೆಯಿಂದ ಕೊಟ್ಟೂರು ಗುರುಬಸವೇಶ್ವರನ ತೇರಿಗೆ ಹೊಸ ಚಪ್ಪಲಿ ಮೆಟ್ಟಿ ನಡೆದುಬಂದವರ ಅಂಗಾಲಿನ ಬೊಬ್ಬೆಗಳನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹೆಚ್ಚು ನೀರು ಕುಡಿದಷ್ಟೂ ಒಳ್ಳೆಯದೆಂಬುದು ಮತ್ತೊಂದು ಮೌಢ್ಯ: 2002ರ ಬಾಸ್ಟನ್ ಮ್ಯಾರಥಾನಿನಲ್ಲಿ ಪರೀಕ್ಷೆಗೊಳಗಾದ 488 ಓಟಗಾರರಲ್ಲಿ ಶೇಕಡಾ 13 ಮಂದಿಯ ರಕ್ತದ ಲವಣಾಂಶ ಸಹಜ ಮಟ್ಟಕ್ಕಿಂತ ತಗ್ಗಿತ್ತು, ಅತಿಯಾಗಿ ಕುಡಿದುದೇ ಅದರ ಮುಖ್ಯ ಕಾರಣವಾಗಿತ್ತು. ಬಾಯಾರಿದಾಗ ಕುಡಿಯಿರಿ, ಸಾಕು. ಬೆಂಗಳೂರಿಗೆ ಒಂದು ದಿನ ಮೊದಲೇ ತಲುಪಿರಿ. ರಾತ್ರಿಯ ಬಸ್ಸಿನಲ್ಲಿ ಕುಳಿತೇ ನಿದ್ದೆಗೆಟ್ಟು ನೇರ ಓಟಕ್ಕೆ ಇಳಿಯುವ ಉಳಿತಾಯ ದುಬಾರಿಯಾದುದು.

ಇದೆಲ್ಲ ಪಟ್ಟಣದವರ ಷೋಕಿ, ಹಳ್ಳಿಗನಿಗೇಕೆ ಎಂದು ಮನೆಯಲ್ಲಿ ಮೂಗುಮುರಿಯುವ ದೊಡ್ಡವರಿದ್ದರೆ, 1920ರ ಆಂಟ್ವರ್ಪ್ ಒಲಿಂಪಿಕ್ಸಿನ ಮ್ಯಾರಥಾನಿನಲ್ಲಿ ಭಾರತದ ಪರವಾಗಿ ಓಡಿ ಹತ್ತೊಂಬತ್ತನೆಯವರಾಗಿ ಗುರಿ ಮುಟ್ಟಿದವರು ನಮ್ಮ ಬೆಳಗಾವಿಯ ಫಡೆಪ್ಪ ಚೌಗುಲೆಯವರೆಂದು ಅವರಿಗೆ ತಿಳಿಸಿರಿ. ಆ ವರ್ಷದ ಓಟ ಈಗಿನ 42.195 ಕಿಲೋಮೀಟರಿಗಿಂತ ಅರ್ಧ ಕಿಲೋಮೀಟರಿಗೂ ಹೆಚ್ಚು ಉದ್ದವಾಗಿತ್ತು.

ಕೊನೆಗೊಂದು ಪ್ರಾರ್ಥನೆ. ಓಟದ ವಾರದಲ್ಲಿ ಜ್ವರ ಬಂದರೆ ಗುಳಿಗೆ ನುಂಗಿ, ಮೈ ತಣ್ಣಗಾಯಿತೆಂದು ಓಡಬೇಡಿರಿ. ಜ್ವರ ತಂದ ಸೋಂಕು ಹೃದಯದ ಸ್ನಾಯುವನ್ನೂ ತಾಕಿರಬಹುದು, ಅಂತಹ ಹೃದಯವನ್ನು ದುಡಿಸುವುದು ಪ್ರಾಣಕ್ಕೇ ಎರವಾದೀತು. ಕಟ್ಟಿದ ಶುಲ್ಕ ಹೋದರೆ ಹೋಗಲಿ, ವೈದ್ಯರಿಗೆ ತೋರಿಸಿ ಮನೆಯಲ್ಲಿರಿ.