ನಂಬಿದ್ದನ್ನೇ ಕಾಣುವ ಕಣ್ಣು



ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿ ರಾಜಘಟ್ಟ ಎಂಬ ಊರಿದೆ. ಆ ಊರಿನ ಹೊಲಗಳ ನಡುವಿನ ಒಂದು ಜಾಗವನ್ನು ಜನ ಬೂದಿಗುಂಡಿ ಎಂದು ಕರೆಯುತ್ತಿದ್ದರು. ಹೆಸರೇ ಹಾಗಿದ್ದ ಮೇಲೆ ಅಲ್ಲಿ ಬೂದಿಯಲ್ಲದೆ ಮತ್ತೇನು ಇದ್ದೀತು? 2001ರಲ್ಲಿ ಪುರಾತತ್ವ ತಜ್ಞರು ಅಲ್ಲಿ ಉತ್ಖನನ ನಡೆಸಿದರು. ಮಣ್ಣಿನಡಿಯಿಂದ ಬೌದ್ಧ ಚೈತ್ಯ ಮತ್ತು ವಿಹಾರದ ಅವಶೇಷಗಳು ಹೊರಬಂದವು. ಹರಕೆಯಾಗಿ ಒಪ್ಪಿಸಿದ್ದ ಅಂಗೈಯಗಲದ ಮಣ್ಣಿನ ಸ್ತೂಪಗಳು ನೂರಾರು ಸಿಕ್ಕಿದವು.

ಇದರಲ್ಲಿ ಹಳ್ಳಿಯವರ ತಪ್ಪೇನೂ ಇಲ್ಲ. ಗಂಗರ ನಾಡು ಎಂದೊಡನೆ ಓದಿದವರಿಗೂ ಮೊದಲು ನೆನಪಾಗುವುದು ಜೈನ ಬಸದಿಯೇ ಹೊರತು ಬೌದ್ಧ ವಿಹಾರವಲ್ಲ. ಒಂದು ವಸ್ತುವಿಗೆ ನಾವು ಹೆಸರಿಟ್ಟ ಮೇಲೆ ನಮ್ಮ ಕಣ್ಣು ಆ ಹೆಸರಿನಾಚೆ ನೋಡಲು ಹೋಗುವುದಿಲ್ಲ. ಮನಶ್ಶಾಸ್ತ್ರಜ್ಞರು ಬುದ್ಧಿಯ ಇಂಥ ಓರೆಗಳನ್ನು ಪೂರ್ವಗ್ರಹಗಳು ಎನ್ನುತ್ತಾರೆ. ದಡ್ಡರಿಗೆ ಮಾತ್ರ ಅಂಟಿದ ರೋಗವಲ್ಲ ಇದು. ಬೇಗ ತೀರ್ಮಾನಕ್ಕೆ ಬರಲು ಮನಸ್ಸು ಹಿಡಿಯುವ ಅಡ್ಡದಾರಿ. ಅನೇಕ ಸಲ ಆ ದಾರಿ ನಮ್ಮನ್ನು ಸರಿಯಾಗಿಯೇ ಊರು ಸೇರಿಸುತ್ತದೆ. ಕೆಲವು ಸಲ ಮಾತ್ರ ಹಳ್ಳಕ್ಕೆ ಕೆಡವುತ್ತದೆ.

ಇಂಗ್ಲೆಂಡಿನ ಪೀಟರ್ ವ್ಯಾಸನ್ 1960ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವನ್ನು ನೀವು ಮನೆಯಲ್ಲಿಯೇ ಮಾಡಿ ನೋಡಬಹುದು. 2, 4, 6 ಎಂಬ ಮೂರು ಅಂಕಿಗಳನ್ನು ಕೊಟ್ಟು, ಇವು ಒಂದು ನಿಯಮದಂತೆ ಇವೆ, ಬೇರೆ ಮೂರು ಮೂರು ಅಂಕಿಗಳನ್ನು ಹೇಳಿ ಆ ನಿಯಮವನ್ನು ಕಂಡುಹಿಡಿಯಿರಿ ಎಂದು ಅವರು ಕೇಳಿದರು. ಬಹಳ ಮಂದಿ 8, 10, 12 ಎಂದರು. 20, 22, 24 ಎಂದರು. ಪ್ರತಿ ಸಲವೂ ಸರಿ ಎಂಬ ಉತ್ತರವೇ ಬಂತು. ಎರಡೆರಡು ಕೂಡುವುದೇ ನಿಯಮವೆಂದು ತೀರ್ಮಾನಿಸಿದರು. ನಿಜವಾದ ನಿಯಮ, ಅಂಕಿಗಳು ಏರುತ್ತಾ ಹೋಗಬೇಕು ಎನ್ನುವುದಷ್ಟೇ. 29 ಮಂದಿಯಲ್ಲಿ ಮೊದಲ ಸಲಕ್ಕೇ ಅದನ್ನು ಸರಿಯಾಗಿ ಹೇಳಿದವರು 6 ಮಂದಿ. 1, 5, 90 ಎಂದು ಹೇಳಿ, ತಮ್ಮ ಊಹೆ ಮುರಿಯುತ್ತದೆಯೇ ಎಂದು ನೋಡುವ ಯೋಚನೆ ಉಳಿದವರಿಗೆ ಬೇಗ ಹೊಳೆಯಲಿಲ್ಲ.

ಈಗ ಪ್ರಯೋಗಶಾಲೆಯಿಂದ ಹೊಲಕ್ಕೆ ಬರೋಣ. ದೊಡ್ಡಬಳ್ಳಾಪುರ, ಅಂತರ್ಜಲದ ಅತಿಬಳಕೆಯ ಪಟ್ಟಿಯಲ್ಲಿ ಸೇರಿದ ತಾಲ್ಲೂಕು. ಇಲ್ಲಿಯ ನೆಲದಡಿ ಗಟ್ಟಿ ಬಂಡೆ. ಆಳದಲ್ಲಿ ನೀರಿರುವುದು ಆ ಬಂಡೆಯ ಬಿರುಕುಗಳಲ್ಲಿ ಮಾತ್ರ. ದ್ರಾಕ್ಷಿ ಅಥವಾ ಹಿಪ್ಪುನೇರಳೆ ಬೆಳೆಯುವ ರೈತನೊಬ್ಬ ಕೊಳವೆ ಬಾವಿ ಕೊರೆಸಬೇಕೆಂದಿದ್ದಾನೆ. ಪಾಯಿಂಟ್ ತೋರಿಸುವವರನ್ನು ಕರೆಸುತ್ತಾನೆ. ಅವರು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನಡೆಯುತ್ತಾರೆ; ಕಾಯಿ ಎದ್ದು ನಿಂತ ಕಡೆ ಕಲ್ಲು ನೆಡುತ್ತಾರೆ. ‘ಅವರು ತೋರಿಸಿದ ಕಡೆ ನೀರು ಬಂದಿದೆ’ ಎಂದು ಊರಿನಲ್ಲಿ ನಾಲ್ವರು ಹೇಳುತ್ತಾರೆ. ಅದು ನಿಜವೂ ಇರಬಹುದು. ಆದರೆ ನೀರು ಬಾರದ ಬಾವಿಗಳ ಲೆಕ್ಕವನ್ನು ಇಟ್ಟವರು ಯಾರು? ಒಂದು ಪ್ರದೇಶದಲ್ಲಿ ಎಲ್ಲಿ ಕೊರೆದರೂ ಹತ್ತಕ್ಕೆ ಆರು ಕಡೆ ನೀರು ಬರುತ್ತದೆ ಎಂದಿಟ್ಟುಕೊಳ್ಳಿ. ಅಲ್ಲಿ ಒಂದು ಮಗು ಕಲ್ಲೆಸೆದ ಕಡೆ ಕೊರೆಸಿದರೂ ಹತ್ತಕ್ಕೆ ಆರು ಗೆಲ್ಲುತ್ತವೆ. ಗೆದ್ದ ಆರು ಊರೆಲ್ಲ ಹಬ್ಬುತ್ತವೆ. ಸೋತ ನಾಲ್ಕನ್ನು ಹಣೆಬರಹದ ಖಾತೆಗೆ ಬರೆಯುತ್ತೇವೆ.

ಪಕ್ಕದ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಡಾ. ಎಚ್. ನರಸಿಂಹಯ್ಯನವರು, ಬೆಂಗಳೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದಾಗ, 1976ರಲ್ಲಿ ಪವಾಡ ಮತ್ತು ಮೂಢನಂಬಿಕೆಗಳ ಪರಿಶೀಲನೆಗೆ ಒಂದು ಸಮಿತಿ ರಚಿಸಿದ್ದರು. ನಂಬುವ ಮೊದಲು ಪರೀಕ್ಷಿಸಬೇಕೆಂಬುದು ಅದರ ಹಿಂದಿನ ವಿಚಾರ. ಆ ಪರೀಕ್ಷೆ ಪವಾಡಕ್ಕಷ್ಟೇ ಅಲ್ಲ, ಪಾಯಿಂಟಿಗೂ ಬೇಕು.

ಎರಡನೆಯ ಓರೆ ಇನ್ನೂ ದುಬಾರಿ. ಯಂತ್ರದ ಲಾರಿ ಬಂದು ಕೊರೆಯಲು ಆರಂಭಿಸಿದೆ. ಐನೂರು ಅಡಿ, ಏಳುನೂರು ಅಡಿ, ಬರುತ್ತಿರುವುದು ಬರೀ ದೂಳು. ಆಗ ರೈತನ ಬಾಯಲ್ಲಿ ಬರುವ ಮಾತು: ‘ಇಷ್ಟು ದುಡ್ಡು ಹಾಕಿದ್ದೀನಿ, ಈಗ ಬಿಟ್ಟರೆ ಎಲ್ಲ ದಂಡ. ಇನ್ನೊಂದು ನೂರು ಅಡಿ ಹೋಗಲಿ.’ ಹಾಕಿದ ದುಡ್ಡು ಎಷ್ಟೆಂಬುದು ಬಂಡೆಗೆ ಗೊತ್ತಿಲ್ಲ. ಮುಂದಿನ ನೂರು ಅಡಿಯಲ್ಲಿ ಬಿರುಕು ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಆಳ ಹೆಚ್ಚಿದಂತೆ ಅಡಿಯೊಂದರ ದರವೂ ಏರುತ್ತದೆ. ಕಳೆದದ್ದನ್ನು ಹಿಂದಕ್ಕೆ ತರುವ ಆಸೆಯಲ್ಲಿ ಉಳಿದದ್ದನ್ನೂ ಕಳೆಯುವ ಈ ದಾರಿಯಲ್ಲಿ ಹೆಂಡತಿಯ ಓಲೆ ಅಡವಿಗೆ ಹೋಗುತ್ತದೆ, ಮಗಳ ಕಾಲೇಜು ಮುಂದಕ್ಕೆ ಹೋಗುತ್ತದೆ.

ಮೂರನೆಯದು, ಮೊದಲು ಕೇಳಿದ ಅಂಕಿಗೆ ಮನಸ್ಸು ಕಟ್ಟಿಬೀಳುವುದು. ಡೇನಿಯಲ್ ಕಾಹ್ನೆಮನ್ ಮತ್ತು ಏಮೋಸ್ ಟ್ವರ್ಸ್ಕಿ 1974ರ ಲೇಖನವೊಂದರಲ್ಲಿ ಇದನ್ನು ತೋರಿಸಿದರು. ಜನರ ಮುಂದೆ ಅಂಕಿಗಳ ಚಕ್ರ ತಿರುಗಿಸಿ, ವಿಶ್ವಸಂಸ್ಥೆಯಲ್ಲಿ ಆಫ್ರಿಕದ ದೇಶಗಳು ನೂರಕ್ಕೆ ಎಷ್ಟು ಎಂದು ಕೇಳಿದರು. ಚಕ್ರ 10ರಲ್ಲಿ ನಿಂತವರ ಅಂದಾಜಿನ ಮಧ್ಯಾಂಕ 25. 65ರಲ್ಲಿ ನಿಂತವರದು 45. ಚಕ್ರಕ್ಕೂ ಆಫ್ರಿಕಕ್ಕೂ ಏನು ನಂಟು? ಟ್ವರ್ಸ್ಕಿ 1996ರಲ್ಲಿ ತೀರಿಕೊಂಡರು; ಕಾಹ್ನೆಮನ್ ಅವರಿಗೆ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ದೇವನಹಳ್ಳಿಯ ವಿಮಾನ ನಿಲ್ದಾಣ 2008ರಲ್ಲಿ ಆರಂಭವಾಯಿತು. ಅದರ ಸುತ್ತಲಿನ ಊರುಗಳಲ್ಲಿ ಜಮೀನು ಮಾರುವವರಿಗೆ ಈ ಚಕ್ರ ಬೇಕಿಲ್ಲ. ದಲ್ಲಾಳಿ ಮೊದಲು ಉಸುರುವ ಬೆಲೆಯೇ ಚಕ್ರ. ಆಮೇಲಿನ ಚೌಕಾಸಿಯೆಲ್ಲ ಆ ಗೂಟದ ಸುತ್ತಲೇ ನಡೆಯುತ್ತದೆ.

ಹಾಗಾದರೆ ದಾರಿ ಏನು? ಓರೆಗಳ ಹೆಸರು ಕಲಿತ ಮಾತ್ರಕ್ಕೆ ಅವು ಹೋಗುವುದಿಲ್ಲ. ಮಾತನಾಡುತ್ತಿರುವ ನನ್ನಲ್ಲೂ ಅವು ಇವೆ. ಅದಕ್ಕಾಗಿ ಮನಸ್ಸನ್ನು ನಂಬುವ ಬದಲು ಒಂದು ನೋಟ್ ಪುಸ್ತಕವನ್ನು ನಂಬಿ. ಊರಿನಲ್ಲಿ ಕೊರೆಸಿದ ಎಲ್ಲ ಬಾವಿಗಳನ್ನೂ ಬರೆಯಿರಿ, ಫೇಲಾದವನ್ನು ಮೊದಲು. ಭೂವಿಜ್ಞಾನಿಯ ಸಲಹೆ ಕೇಳಿದಾಗಲೂ ಅದೇ ಲೆಕ್ಕ ಇಡಿ. ಲಾರಿ ಬರುವ ಹಿಂದಿನ ದಿನವೇ, ತಲೆ ತಣ್ಣಗಿರುವಾಗ, ಎಷ್ಟು ಅಡಿಗೆ ನಿಲ್ಲಿಸಬೇಕೆಂದು ಮನೆಯವರೊಂದಿಗೆ ಕುಳಿತು ಬರೆದಿಡಿ. ಬೆಲೆ ಕೇಳುವ ಮೊದಲು ನಿಮ್ಮ ಬೆಲೆಯನ್ನು ನೀವೇ ಬರೆದುಕೊಳ್ಳಿ. ಮನೆಯಲ್ಲಿ ‘ಬೇಡ’ ಎನ್ನುವವರು ಒಬ್ಬರಿದ್ದರೆ ಗದರಿಸಬೇಡಿ. ಯಾಕೆ ಬೇಡ ಎಂದು ಕೇಳಿ.

ರಾಜಘಟ್ಟದ ಬೂದಿಗುಂಡಿ ನೂರಾರು ವರ್ಷ ತಾಳ್ಮೆಯಿಂದ ಕಾದಿತ್ತು. ಸಾಲಕ್ಕೆ ಅಷ್ಟು ತಾಳ್ಮೆ ಇಲ್ಲ. ‘ಇದು ನನಗೆ ಗೊತ್ತು’ ಎಂದು ಮುಂದಿನ ಸಲ ಅನ್ನಿಸಿದಾಗ, ಇದು ತಪ್ಪಾಗಿದ್ದರೆ ಹೇಗೆ ತಿಳಿಯುತ್ತದೆ ಎಂದು ಒಂದು ಗಳಿಗೆ ನಿಂತು ಕೇಳಿಕೊಳ್ಳಿ.