ಯೂಟ್ಯೂಬಿನಲ್ಲಿ ಪಾಲಿನ ಬೇಸಾಯ



ಕುಂದಲಹಳ್ಳಿಯ ಕಡೆ ನೀವು ಈಚೆಗೆ ಹೋಗಿದ್ದರೆ ನೋಡಿಯೇ ಇರುತ್ತೀರಿ. ರಾಗಿ, ಅವರೆ ಬೆಳೆಯುತ್ತಿದ್ದ ನೆಲದಲ್ಲಿ ಈಗ ಗಾಜಿನ ಕಟ್ಟಡಗಳು. 2023ರ ಮಾರ್ಚಿನಿಂದ ಊರಿನ ಹೆಸರಿನದೇ ಒಂದು ಮೆಟ್ರೊ ನಿಲ್ದಾಣವೂ ಇದೆ. ಸಮೀಪದ ಮಹದೇವಪುರದಲ್ಲಿ ಗೂಗಲ್ ಕಂಪನಿಯವರು 2025ರಲ್ಲಿ 'ಅನಂತ' ಎಂಬ ದೊಡ್ಡ ಕಚೇರಿ ತೆರೆದರು. ಯೂಟ್ಯೂಬು 2006ರಿಂದ ಈ ಕಂಪನಿಯ ಸ್ವತ್ತು. ನಿಮ್ಮ ಹುಡುಗ ಜಗುಲಿಯ ಮೇಲೆ ಕೂತು ನೋಡುವ ವಿಡಿಯೋದ ಯಜಮಾನರು ನಮಗೆ ನೆರೆಯವರೂ ಆದರು ಅನ್ನಿ.

ಪುಕ್ಕಟೆ ನೋಡುತ್ತೇವಲ್ಲ, ಅವರಿಗೇನು ಲಾಭ ಎಂದು ನೀವು ಕೇಳಬಹುದು. ಲಾಭ ಜಾಹೀರಾತಿನಲ್ಲಿದೆ. ನೀವು ಎಷ್ಟು ಹೊತ್ತು ಕಣ್ಣು ಕೀಳದೆ ನೋಡುತ್ತೀರೋ ಅಷ್ಟು ಜಾಹೀರಾತು ಮಾರಬಹುದು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಡೇಟಾ ಅಗ್ಗವಾದ ಮೇಲಂತೂ ಹಟ್ಟಿ ಹಟ್ಟಿಗೂ ಈ ಸಂತೆ ಬಂದಿದೆ.

ವಿಡಿಯೋ ಮಾಡಿದವರಿಗೂ ಪಾಲುಂಟು. ಹಿಂದೆ ನಮ್ಮ ಹಿರಿಯರು ವಾರಕ್ಕೆ ಹೊಲ ಮಾಡುತ್ತಿದ್ದರಲ್ಲ, ಥೇಟು ಹಾಗೆಯೇ. ಹೊಲ ಒಬ್ಬರದು, ಬೆವರು ಇನ್ನೊಬ್ಬರದು. ಉದ್ದನೆಯ ವಿಡಿಯೋದ ಜಾಹೀರಾತಿನಿಂದ ನೂರು ರೂಪಾಯಿ ಬಂದರೆ 55 ಮಾಡಿದವನಿಗೆ, 45 ಕಂಪನಿಗೆ. ಆದರೆ ಈ ಪಾಲು ಮೊದಲ ದಿನವೇ ಕೈಗೆ ಬಾರದು. 1,000 ಮಂದಿ ಚಂದಾದಾರರಾಗಬೇಕು. ಒಂದು ವರ್ಷದೊಳಗೆ ಜನ ಒಟ್ಟು 4,000 ಗಂಟೆ ನೋಡಿರಬೇಕು. ಹತ್ತು ನಿಮಿಷದ ವಿಡಿಯೋ ಆದರೆ, ಪೂರ್ತಿಯಾಗಿ 24,000 ಸಲ ನೋಡಿದ ಲೆಕ್ಕ ಇದು. ಚಿಕ್ಕ ತುಣುಕುಗಳಿಗೆ ಬೇರೆ ಲೆಕ್ಕವಿದೆ, ಅದೂ ಸುಲಭವಲ್ಲ.

ಹಣ ಬರುವುದೇ ಸುಳ್ಳು ಎಂದು ನಾನು ಹೇಳುವುದಿಲ್ಲ. ಮೂರು ವರ್ಷಗಳಲ್ಲಿ ಭಾರತದವರಿಗೆ 21,000 ಕೋಟಿ ರೂಪಾಯಿ ಕೊಟ್ಟಿದ್ದೇವೆಂದು ಯೂಟ್ಯೂಬಿನ ಮುಖ್ಯಸ್ಥ ನೀಲ್ ಮೋಹನ್ 2025ರ ಮೇ ತಿಂಗಳಲ್ಲಿ ಮುಂಬಯಿಯಲ್ಲಿ ಹೇಳಿದರು. ಅದರಲ್ಲಿ ದೊಡ್ಡ ದೊಡ್ಡ ಮಾಧ್ಯಮ ಕಂಪನಿಗಳ ಪಾಲೂ ಸೇರಿದೆ ಎಂಬುದು ನೆನಪಿರಲಿ. ನಮ್ಮವರಲ್ಲೇ 'ಡಾಕ್ಟರ್ ಬ್ರೋ' ಎನಿಸಿಕೊಂಡ ಗಗನ್ ಶ್ರೀನಿವಾಸ್ ಅಫ್ಘಾನಿಸ್ತಾನದಂಥ ದೇಶಕ್ಕೆ ಹೋಗಿ, ಅಲ್ಲಿ ನಿಂತು ಅಚ್ಚ ಹಳ್ಳಿಗನ್ನಡದಲ್ಲಿ ಮಾತಾಡಿ ಲಕ್ಷಾಂತರ ಜನರನ್ನು ಗೆದ್ದರು. ನಮ್ಮ ಕಡೆಯ ಕುರುಕ್ಷೇತ್ರ ನಾಟಕವನ್ನೇ ನೋಡಿ. ರಾತ್ರಿಯಿಡೀ ಊರ ಮುಂದೆ ಆಡಿದ್ದು ಬೆಳಗಾಗುವಷ್ಟರಲ್ಲಿ ಫೋನಿನಲ್ಲಿ ಬರುತ್ತದೆ; ಪೇಟೆ ಸೇರಿದ ಮಗನೂ ನೋಡುತ್ತಾನೆ. ದುರ್ಯೋಧನನ ಪಾತ್ರಧಾರಿ ಹೊಲದಲ್ಲಿ ಕಳೆ ಕೀಳುತ್ತಲೇ ಫೋನು ಕೇಳಿ ಪದ ಕಲಿಯಬಹುದು. ಹಾರ್ಮೋನಿಯಂ ಮೇಷ್ಟರ ಗದರಿಕೆ ಮಾತ್ರ ಅದರಲ್ಲಿ ಸಿಕ್ಕುವುದಿಲ್ಲ. ತಾಳ ತಪ್ಪಿದರೆ ಫೋನು ಸುಮ್ಮನಿರುತ್ತದೆ!

ಈಗ ಮುಖ್ಯ ಮಾತಿಗೆ ಬರೋಣ. 1974ರಲ್ಲಿ ನಮ್ಮ ರಾಜ್ಯದಲ್ಲಿ ಭೂಸುಧಾರಣೆ ಕಾನೂನು ಬಿಗಿಯಾಗಿ, ಉಳುವವನೇ ಹೊಲದೊಡೆಯನಾದ. ಫೋನಿನ ಹೊಲಕ್ಕೆ ಅಂಥ ಕಾನೂನಿಲ್ಲ. 2020ರ ಜೂನ್ 29ರಂದು ಸರ್ಕಾರ ದೇಶದ ಭದ್ರತೆಯ ಕಾರಣ ಕೊಟ್ಟು ಟಿಕ್‌ಟಾಕನ್ನು ನಿಷೇಧಿಸಿತು. ನಿಷೇಧ ಸರಿಯೋ ತಪ್ಪೋ, ಅದು ಬೇರೆ ಚರ್ಚೆ. ಅದನ್ನೇ ನಂಬಿ ಹೆಸರು ಮಾಡಿದ್ದ ಹಳ್ಳಿ ಹುಡುಗ ಹುಡುಗಿಯರ ನಿಂತ ಬೆಳೆ ಮಾತ್ರ ರಾತ್ರೋರಾತ್ರಿ ಹೋಯಿತು. ಯೂಟ್ಯೂಬಿನವರೂ ಪಾಲಿನ ಷರತ್ತನ್ನು ತಾವೇ ಬರೆಯುತ್ತಾರೆ, ತಾವೇ ತಿದ್ದುತ್ತಾರೆ. ಆದ್ದರಿಂದ ಮಗ ಚಾನೆಲ್ ಮಾಡುತ್ತೇನೆಂದರೆ ಬೈಯಬೇಡಿ. ಇರುವ ಫೋನಿನಲ್ಲೇ ಮಾಡಲಿ. ಕ್ಯಾಮೆರಾಕ್ಕಾಗಿ ಕರೆಯುವ ಹಸುವನ್ನು ಮಾರುವುದು ಬೇಡ.

ನೋಡುವವರಿಗೂ ಒಂದು ಮಾತು. ಟೊಮೇಟೊ ಎಲೆ ಮುದುಡಿತೆಂದು ಫೋನು ತೆಗೆದರೆ ಹತ್ತು ಜನ ಹತ್ತು ಔಷಧಿ ಹೇಳುತ್ತಾರೆ. ಹೇಳುವವನು ಯಾವ ಸೀಮೆಯವನು? ಅವನದು ಕೆಂಪು ಮಣ್ಣೋ ಕಪ್ಪು ಮಣ್ಣೋ? ಮಾತಿನ ಕೊನೆಗೆ ಔಷಧಿ ಅಂಗಡಿಯ ನಂಬರು ಕೊಟ್ಟನೋ? ಕೊಟ್ಟಿದ್ದರೆ ಅದು ಸಲಹೆಯಲ್ಲ ಸ್ವಾಮಿ, ವ್ಯಾಪಾರ. ಎರಡು ಔಷಧಿ ಬೆರೆಸಿ ಹೊಡೆಯಿರಿ ಎಂದರಂತೂ ಕೈ ತಡೆಯಿರಿ. ಆ ಎಲೆಯನ್ನು ಗಿಡದ ಸಮೇತ ರೈತ ಸಂಪರ್ಕ ಕೇಂದ್ರಕ್ಕೆ ಒಯ್ದು ತೋರಿಸಿ. ಹೋಗಲು ಪುರಸೊತ್ತಿಲ್ಲವೇ? ಕಿಸಾನ್ ಕಾಲ್ ಸೆಂಟರಿಗೆ ಅದೇ ಫೋನಿನಿಂದ ಮಾತಾಡಿ. ನಂಬರು 1800-180-1551. ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ಕನ್ನಡದಲ್ಲೇ ಉತ್ತರ ಕೊಡುತ್ತಾರೆ, ಕರೆಗೆ ಕಾಸಿಲ್ಲ. ಬೆಳೆ ಎಷ್ಟು ದಿನದ್ದು, ಈಗಾಗಲೇ ಏನು ಹೊಡೆದಿದ್ದೀರಿ ಎಂಬುದನ್ನು ಮೊದಲೇ ಗುರುತು ಹಾಕಿಟ್ಟುಕೊಂಡಿರಿ.