ಹೆಬ್ಬೆಟ್ಟು ನಮ್ಮದು, ಸಾಲ ಯಾರದು?

(ಅಂಕೋಲೆಯಲ್ಲಿ ಕಾರ್ಖಾನೆ ಕೆಲಸಗಾರರ ಹಾಗೂ ಚಿಲ್ಲರೆ ವ್ಯಾಪಾರಿಗಳ ಸಭೆಯಲ್ಲಿ ಆಡಿದ ಮಾತುಗಳು)



ಸಾಲ ಮಾಡಿದವನಿಗೆ ಸಾಲದ ಚಿಂತೆ ಸಹಜ. ಆದರೆ ಸಾಲ ಮಾಡದವನ ಬಾಗಿಲಿಗೂ ಈಗ ವಸೂಲಿಯವರು ಬರುತ್ತಿದ್ದಾರೆ. ಕಾರವಾರದಲ್ಲಿ ಮೀನು ಮಾರುವ ತಾಯಿಯೊಬ್ಬರು ಕೆಲವು ದಿನಗಳ ಹಿಂದೆ ನಮ್ಮ ಬಳಿ ಬಂದರು. ತಮ್ಮ ಹೆಸರಿನಲ್ಲಿ ಯಾರೋ ಸಾಲ ಎತ್ತಿದ್ದಾರೆಂಬುದು ಅವರಿಗೆ ತಿಳಿದದ್ದು ನೋಟೀಸು ಕೈಗೆ ಬಂದ ಮೇಲೆ. ಅವರು ಆಧಾರ್ ಪ್ರತಿ ಕೊಟ್ಟದ್ದು ಒಂದು ಸಿಮ್ ಕಾರ್ಡಿಗೆ. “ನಾಲ್ಕು ಜನರ ಮುಂದೆ ಮರ್ಯಾದೆ ಹೋಗ್ತದೆ, ಕಟ್ಟಿಬಿಡಲೇನು?” ಎಂದು ಕೇಳಿದರು. ಕಟ್ಟಬೇಡಿರಿ ಎಂದೆವು. ಏಕೆಂಬುದನ್ನು ಹೇಳಲಿಕ್ಕೇ ಇಂದು ನಿಂತಿದ್ದೇವೆ.

ಇದು ಹಳೆಯ ರೋಗದ ಹೊಸ ರೂಪ. ಹಿಂದೆ ಸಾವಕಾರ ಕೋರಾ ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿದ್ದ, ಅಂಕಿಯನ್ನು ಆಮೇಲೆ ತುಂಬುತ್ತಿದ್ದ. ಬಡವನ ಬೆರಳು, ಧಣಿಯ ಲೆಕ್ಕ. ಇದೇ ಅಂಕೋಲೆಯಲ್ಲಿ ದಿನಕರ ದೇಸಾಯಿಯವರು ರೈತರನ್ನು ಸಂಘಟಿಸಿ ಲೆಕ್ಕ ಕೇಳಲು ಕಲಿಸಿದರು. ಬ್ರಿಟಿಷ್ ಸರ್ಕಾರ 1940ರಲ್ಲಿ ಅವರನ್ನು ಜಿಲ್ಲೆಯಿಂದ ಗಡೀಪಾರು ಮಾಡಿತು. ಬಡವರ ಸಾಲ ಪರಿಹಾರದ ಕಾಯಿದೆ ರಾಜ್ಯದಲ್ಲಿ ಬಂದದ್ದು 1976ರಲ್ಲಿ.

ಈಗ ಧಣಿಯ ಮುಖ ಕಾಣುವುದಿಲ್ಲ, ಬೆರಳು ಮಾತ್ರ ನಮ್ಮದೇ. 2023ರಲ್ಲಿ ಬೆಂಗಳೂರು, ಮಂಗಳೂರುಗಳಲ್ಲಿ ನಡೆದುದನ್ನು ನೆನೆಯಿರಿ. ಆಸ್ತಿ ನೋಂದಣಿ ಮಾಡಿಸಿದವರ ಪತ್ರಗಳಲ್ಲಿದ್ದ ಬೆರಳಚ್ಚನ್ನು ನಕಲು ಮಾಡಿ, ಆಧಾರ್ ಪಾವತಿ ವ್ಯವಸ್ಥೆಯ ಮೂಲಕ ಅವರ ಖಾತೆಯಿಂದ ಹಣ ತೆಗೆದರು. ಆ ವ್ಯವಸ್ಥೆಗೆ ಒಟಿಪಿ ಬೇಡ. ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳು ಇಷ್ಟಿದ್ದರೆ ಸಾಕು. ಸೀಬರ್ಡ್ ಯೋಜನೆಗೆ ಮನೆಮಠ ಬಿಟ್ಟುಕೊಟ್ಟ ಕಾರವಾರ, ಅಂಕೋಲೆಯ ಜನ ಪರಿಹಾರಕ್ಕಾಗಿ ಎಷ್ಟು ಕಾಗದಗಳಿಗೆ ಹೆಬ್ಬೆಟ್ಟು ಒತ್ತಿದ್ದಾರೆ! ಅವರು ಹೆಚ್ಚು ಎಚ್ಚರದಿಂದಿರಬೇಕು.

ವ್ಯಾಪಾರಿಗಳಿಗೂ ಒಂದು ಮಾತು. ಕೂಲಿಯವರ ಪ್ಯಾನ್, ಆಧಾರ್ ಬಳಸಿ ಸುಳ್ಳು ಅಂಗಡಿಗಳನ್ನು ಜಿ.ಎಸ್.ಟಿ.ಯಲ್ಲಿ ನೋಂದಾಯಿಸುವ ಹಾವಳಿ ಎಷ್ಟಿತ್ತೆಂದರೆ, 2023ರ ಮೇ ತಿಂಗಳಿನಿಂದ ಸರ್ಕಾರವೇ ದೇಶದಾದ್ಯಂತ ವಿಶೇಷ ತಪಾಸಣೆ ನಡೆಸಬೇಕಾಯಿತು.

ಹಾಗಾದರೆ ಮಾಡುವುದೇನು?

ಮೊದಲನೆಯದು, ಹಣ ಹೋದದ್ದು ತಿಳಿದ ಗಳಿಗೆಯೇ 1930ಕ್ಕೆ ಫೋನ್ ಮಾಡಿರಿ, ಬ್ಯಾಂಕಿಗೂ ತಿಳಿಸಿರಿ. ತಪ್ಪು ನಮ್ಮದೂ ಅಲ್ಲ, ಬ್ಯಾಂಕಿನದೂ ಅಲ್ಲ ಎಂದಾದಾಗ, ಬ್ಯಾಂಕಿನಿಂದ ಸುದ್ದಿ ಬಂದ ಮೂರು ಕೆಲಸದ ದಿನಗಳೊಳಗೆ ದೂರು ಕೊಟ್ಟರೆ ನಷ್ಟ ನಮ್ಮ ಮೇಲೆ ಬೀಳಕೂಡದು ಎಂದು ರಿಸರ್ವ್ ಬ್ಯಾಂಕು 2017ರಲ್ಲೇ ಹೇಳಿದೆ.

ಎರಡನೆಯದು, ಪೊಲೀಸ್ ಠಾಣೆಯಲ್ಲಿ ಲಿಖಿತ ದೂರು ಕೊಟ್ಟು ಅದರ ಪ್ರತಿ ಪಡೆಯಿರಿ. ಇನ್ನೊಬ್ಬರ ಗುರುತನ್ನು ಮೋಸದಿಂದ ಬಳಸುವುದು ಮಾಹಿತಿ ತಂತ್ರಜ್ಞಾನ ಕಾಯಿದೆಯ 66-ಸಿ ಕಲಮಿನಂತೆ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ತರುವ ಅಪರಾಧ.

ಮೂರನೆಯದು, ಸಾಲದ ಕಂಪನಿಗೆ ಬರೆಯಿರಿ: ಒಪ್ಪಂದದ ಪ್ರತಿ ತೋರಿಸಿರಿ, ಹಣ ಯಾವ ಖಾತೆಗೆ ಹೋಯಿತು ಹೇಳಿರಿ. ಬಾಯಿಮಾತು ಬೇಡ. ಭಯಕ್ಕೆ ಒಂದು ಕಂತು ಕಟ್ಟಿದರೂ, ನೀವೇ ಸಾಲ ಒಪ್ಪಿದಿರಿ ಎಂದು ವಾದಿಸಲು ಅವರಿಗೆ ದಾರಿಯಾಗುತ್ತದೆ.

ನಾಲ್ಕನೆಯದು, ಸಿಬಿಲ್ ಮೊದಲಾದ ನಾಲ್ಕು ಸಂಸ್ಥೆಗಳು ವರ್ಷಕ್ಕೊಮ್ಮೆ ಪುಕ್ಕಟೆ ವರದಿ ಕೊಡಬೇಕು. ತರಿಸಿ ನೋಡಿರಿ. ಸುಳ್ಳು ಸಾಲ ಕಂಡರೆ ತಕರಾರು ಹಾಕಿರಿ. ಮೂವತ್ತು ದಿನಗಳಲ್ಲಿ ಬಗೆಹರಿಸದಿದ್ದರೆ ದಿನಕ್ಕೆ ನೂರು ರೂಪಾಯಿ ಪರಿಹಾರ ಕೊಡಬೇಕೆಂಬ ನಿಯಮ 2024ರ ಏಪ್ರಿಲಿನಿಂದ ಜಾರಿಗೆ ಬಂದಿದೆ. ಕಂಪನಿ ಕಿವಿಗೊಡದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಬರೆಯಿರಿ.

ಐದನೆಯದು, ಆಧಾರಿನ ಬೆರಳಚ್ಚಿಗೆ ಬೀಗ ಹಾಕಿಸಿರಿ, ಬೇಕಾದಾಗ ತೆಗೆಯಬಹುದು. ಪ್ರತಿ ಕೊಡುವಾಗ ಯಾವ ಕೆಲಸಕ್ಕೆ, ಯಾವ ದಿನ ಕೊಟ್ಟದ್ದೆಂದು ಅದರ ಮೇಲೆಯೇ ಬರೆಯಿರಿ. ಸಂಘದ ಗೆಳತಿಗಾಗಿ ನಿಮ್ಮ ಹೆಸರಿನಲ್ಲಿ ಸಾಲ ಎತ್ತಬೇಡಿರಿ. ಅದು ಕಳವಲ್ಲ, ನಾವೇ ಕೊರಳು ಕೊಟ್ಟಂತೆ.

ಆದರೆ ಬಂಧುಗಳೇ, ಎಲ್ಲ ಎಚ್ಚರವನ್ನೂ ಬಡವನ ತಲೆಗೇ ಕಟ್ಟುವುದು ನ್ಯಾಯವಲ್ಲ. ಐದು ನಿಮಿಷದಲ್ಲಿ ಸಾಲ ಕೊಟ್ಟು ಲಾಭ ತಿನ್ನುವವನು, ಎದುರಿಗಿರುವವನು ಯಾರೆಂದು ನೋಡದಿದ್ದರೆ ನಷ್ಟವೂ ಅವನದೇ ಆಗಬೇಕು. ಸಾಲ ನಮ್ಮದಲ್ಲವೆಂದು ನಾವೇಕೆ ಸಾಬೀತು ಮಾಡಬೇಕು? ನಮ್ಮದೆಂದು ಅವನು ಸಾಬೀತು ಮಾಡಲಿ. ಇದು ನಮ್ಮ ಬೇಡಿಕೆ.

ಎರಡು ಸಂಖ್ಯೆ ನೆನಪಿಡಿರಿ. ಮೋಸದ ದೂರಿಗೆ 1930, ಆಧಾರ್ ಸಹಾಯಕ್ಕೆ 1947. ಮೊದಲನೆಯದು ಅಂಕೋಲೆಯಲ್ಲಿ ಉಪ್ಪಿನ ಕಾಯಿದೆ ಮುರಿದ ವರ್ಷ; ಎರಡನೆಯದು ಸ್ವಾತಂತ್ರ್ಯ ಬಂದ ವರ್ಷ. ಅಂಕೋಲೆಯವರಿಗೆ ಇವು ಮರೆಯಬಾರದು. ಒಬ್ಬೊಬ್ಬರೇ ಹೆದರಿ ಕಟ್ಟುವುದಕ್ಕಿಂತ, ನೋಟೀಸು ಹಿಡಿದು ಸಂಘಕ್ಕೆ ಬನ್ನಿರಿ. ಆ ತಾಯಿಯೊಡನೆ ಠಾಣೆಗೆ ನಾವೂ ಹೋದೆವು; ನಿಮ್ಮೊಡನೆಯೂ ಬರುತ್ತೇವೆ.